ಸಮಸ್ತ ಸದ್ಭಕ್ತರಿಗೆ ದಾಕ್ಷಾಯಣಿಯ ಉತ್ತರ

ನಮ್ಮ ಬಳ್ಳಾರಿಯಲ್ಲಿ ಎಲ್ಲರಿಗಿಂತ ಹೆಚ್ಚು ಬರೆಯುವ ಲೇಖಕರು ಯಾರು ಗೊತ್ತೇನು? ಸಮಸ್ತ ಸದ್ಭಕ್ತರು. ಎರಡನೆಯ ಸ್ಥಾನ ನೊಂದ ನಾಗರಿಕರದು. ಚುನಾವಣೆ ಹತ್ತಿರ ಬಂತೆಂದರೆ ಹಿತೈಷಿಗಳು ಎಂಬ ಇನ್ನೊಬ್ಬರು ಎದ್ದು ಕೂರುತ್ತಾರೆ. ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಮಡಿಲಿಗೆ ಬೀಳುವ ಗುಲಾಬಿ, ಹಳದಿ ಕರಪತ್ರಗಳ ಅಡಿಯಲ್ಲಿ ಇವರದೇ ಹೆಸರು. ಒಬ್ಬನ ಮಾನ ಕಳೆದಿರುತ್ತಾರೆ, ಒಂದು ಓಣಿಯನ್ನು ಇನ್ನೊಂದರ ಮೇಲೆ ಎತ್ತಿಕಟ್ಟಿರುತ್ತಾರೆ, ಸಾಕ್ಷಿಗೆ ದೇವರನ್ನು ಕರೆದಿರುತ್ತಾರೆ. ಹುಡುಕಿಕೊಂಡು ಹೋದರೆ ಈ ಸದ್ಭಕ್ತರಿಗೆ ಮನೆಯೂ ಇಲ್ಲ, ಮುಖವೂ ಇಲ್ಲ.

ಇಂಥ ಊರಿನ ಸತ್ಯನಾರಾಯಣಪೇಟೆಯಲ್ಲಿ ದಾಕ್ಷಾಯಣಿ ಒಂದು ಸಣ್ಣ ಪ್ರೆಸ್ಸು ನಡೆಸುತ್ತಾರೆ. ನಾನು ಅವರ ಹಳೆಯ ಗಿರಾಕಿ. ತವರು ಕುರುಗೋಡು. ಮದುವೆಯಾಗಿ ಬಂದಾಗ ಮಾವ ಕೊಟ್ಟೂರಪ್ಪ ಸೊಸೆಯನ್ನು ಅಡುಗೆಮನೆಗಿಂತ ಮೊದಲು ಅಚ್ಚಿನ ಮೊಳೆಗಳ ಮುಂದೆ ನಿಲ್ಲಿಸಿದರಂತೆ. ಈಗ ಮೊಳೆಗಳಿಲ್ಲ, ಕಂಪ್ಯೂಟರ್ ಇದೆ. ಮುಂದಿನ ಕೋಣೆಯಲ್ಲಿ ಆಕೆ ಅಕ್ಷರ ಜೋಡಿಸಿ ಗಿರಾಕಿಗಳ ಜೊತೆ ಜಗಳವಾಡುತ್ತಾರೆ, ಹಿಂದಿನ ಕೋಣೆಯಲ್ಲಿ ಗಂಡ ವೀರೇಶ್ ಮಷಿನ್ ಓಡಿಸುತ್ತಾರೆ.

ಮಾವನ ಕಾಲದಲ್ಲಿ ಆ ಪ್ರೆಸ್ಸಿನ ಅರ್ಧ ದಂಧೆ ಭಯದ ಕಾಗದಗಳದ್ದು. ನಿಮಗೂ ಗೊತ್ತು ಅವು. ಯಾವುದೋ ಗುಡಿಯಲ್ಲಿ ಸರ್ಪವೊಂದು ಮುದುಕನಾಗಿ ನುಡಿಯಿತಂತೆ. ಈ ಪತ್ರವನ್ನು ಸಾವಿರ ಪ್ರತಿ ಅಚ್ಚು ಹಾಕಿಸಿ ಹಂಚಿದವನಿಗೆ ನಿಧಿ ಸಿಕ್ಕಿತಂತೆ, ಹರಿದೆಸೆದವನು ರಕ್ತ ಕಾರಿ ಸತ್ತನಂತೆ. ಒಂದು ದಿನ ಕುರುಗೋಡಿನ ಬಸ್ಸಿಳಿದು, ಜ್ವರದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಒಬ್ಬ ತಾಯಿ ಬಂದಳು. ಅಂಥ ಕಾಗದದಿಂದ ಒಲೆ ಹಚ್ಚಿಬಿಟ್ಟಿದ್ದಳು, ಕೂಸು ಕಾದ ಹೆಂಚಾಗಿತ್ತು. ಸಾವಿರ ಪ್ರತಿ ಬೇಕು ಎಂದಳು. ದಾಕ್ಷಾಯಣಿ ಮೇಜಿನ ಮೇಲಿದ್ದ ಅದೇ ಕಾಗದದ ಕಟ್ಟಿನಿಂದ ಒಂದನ್ನೆಳೆದು ಅವಳ ಕಣ್ಣೆದುರೇ ಬೆಂಕಿ ಹಚ್ಚಿದರು.

“ನೋಡು, ನಾನೂ ಸುಟ್ಟೀನಿ. ಏನಾರ ಆದ್ರ ನನಗ ಆಗ್ಲಿ. ಕೂಸಿನ್ನ ಡಾಕ್ಟರ್ ಹಂತೇಕ ಒಯ್ಯಿ.”

“ಅರ್ಧ ದಂಧಿ ಸುಟ್ಟಿ ಬಿಡವ್ವ” ಎಂದರು ಮಾವ. ಆದರೆ ಮರುದಿನ ಅಂಥದೇ ಗಿರಾಕಿಯನ್ನು ಬಾಗಿಲಿಂದಲೇ ಕಳಿಸಿದವರು ಅವರೇ. ಅಂದಿನಿಂದ ಭಯದ ಕಾಗದ ಆ ಮಷಿನ್ನಿಗೆ ಹತ್ತಿಲ್ಲ. ಬರೆದವರ ಹೆಸರಿಲ್ಲದ ಕಾಗದವೂ ಹತ್ತಿಲ್ಲ.

ಹೋದ ವರ್ಷ ಸಿರುಗುಪ್ಪ ಕಡೆಯ ಒಂದು ಹಳ್ಳಿಯಿಂದ ಸಮ್ರಾಟ್ ಎಂಬ ಯುವಕ ಬಂದ. ಹಳ್ಳಿಯ ಹೆಸರು ಬರೆಯುವುದಿಲ್ಲ, ಕರೂರು ಬಸ್ಸು ಹೋಗುವ ದಾರಿಯಲ್ಲಿದೆ ಎಂದರೆ ಸಾಕು. ಅಲ್ಲಿಯ ಗುಡಿ ಕಮಿಟಿಯ ಅಧ್ಯಕ್ಷನ ಅಳಿಯ ಅವನು. ಕಾಲುವೆ ಪಕ್ಕದಲ್ಲಿ ಕೂಲಿ ಜನ ತಲೆಮಾರುಗಳಿಂದ ಸತ್ತವರನ್ನು ಹೂಳುತ್ತಿದ್ದ ಜಾಗಕ್ಕೆ ಕಮಿಟಿ ತಂತಿ ಬೇಲಿ ಹಾಕಿತ್ತು. ಕಲ್ಯಾಣ ಮಂಟಪ ಏಳಬೇಕಿತ್ತು. ಇದು ದೇವರ ಜಾಗ, ಅಡ್ಡ ಬಂದವರು ಧರ್ಮದ್ರೋಹಿಗಳು ಎಂಬ ಕರಪತ್ರ ಅವನ ಕೈಯಲ್ಲಿತ್ತು.

“ಬರೆದೋರ ಹೆಸರು ಹಾಕ್ರಿ” ಎಂದರು ದಾಕ್ಷಾಯಣಿ.

“ಸಮಸ್ತ ಸದ್ಭಕ್ತರು ಅಂತ ಐತಲ್ಲ, ಮೇಡಂ.”

“ಅದರಾಗ ಒಬ್ಬರನ್ನ ಕರ್ಕೊಂಡು ಬರ್ರಿ, ಚಾ ಕುಡಿಸಿ ಕಳಸ್ತೀನಿ.”

ಅವನು ಬೇರೆ ಪ್ರೆಸ್ಸಿಗೆ ಹೋದ. ಕರಪತ್ರ ಊರ ತುಂಬ ಹಾರಾಡಿತು. ಅದೇ ಕಾಗದವನ್ನು ಮುದುಡಿ ಹಿಡಿದುಕೊಂಡು, ಅದನ್ನು ಅಚ್ಚು ಹಾಕಲು ಒಲ್ಲೆ ಎಂದ ಪ್ರೆಸ್ಸು ಯಾವುದೆಂದು ಕೇಳಿಕೊಂಡು, ಆ ಹಳ್ಳಿಯ ಹೆಂಗಸೊಬ್ಬಳು ದಾಕ್ಷಾಯಣಿಯ ಬಾಗಿಲಿಗೆ ಬಂದಳು. ಅವಳ ಹೆಸರು ನನಗೆ ಗೊತ್ತಿಲ್ಲ. ಅವಳು ಭತ್ತದ ನಾಟಿಗೆ ಹೋಗುವ ಕೂಲಿ, ನಾಟಿಯ ಗದ್ದೆಗಳೆಲ್ಲ ಕಮಿಟಿಯವರವು ಎಂಬುದಷ್ಟೇ ಗೊತ್ತು. ಅವಳು ಹೇಳುತ್ತ ಹೋದಳು, ದಾಕ್ಷಾಯಣಿ ಅಕ್ಷರ ಒತ್ತುತ್ತ ಹೋದರು.

“ಈ ಮಣ್ಣಾಗ ನಮ್ಮವ್ವ ಅದಾಳ. ನಮ್ಮತ್ತಿ ಅದಾಳ. ದೇವರಿಗೆ ಜಾಗ ಬೇಕಂದ್ರ ದೇವರು ನಮ್ಮನ್ನ ಕೇಳ್ತಿದ್ದ. ನೀವು ಕೇಳಲಿಲ್ಲ.”

ಇನ್ನೊಂದು ಸಾಲೂ ಇತ್ತಂತೆ. ಅದನ್ನು ಓದಿದರೆ ಅವಳು ಯಾರೆಂದು ಊರಿಗೆ ಗೊತ್ತಾಗುತ್ತದೆ ಎಂದು ದಾಕ್ಷಾಯಣಿ ತೆಗೆದುಹಾಕಿದರು. ಆ ಸಾಲು ಏನೆಂದು ಗಂಡನಿಗೂ ಹೇಳಿಲ್ಲ.

“ನನ್ನ ಹೆಸರು ಬ್ಯಾಡಮ್ಮ. ನಾಟಿಗೆ ಕರಿಯಂಗಿಲ್ಲ, ಮಕ್ಳು ಉಪಾಸ ಬೀಳ್ತಾವ” ಎಂದಳು ಅವಳು. “ಅದರ ಬದ್ಲಿ, ಹರಿದೋನ ಮನಿ ಹಾಳಾಗ್ತೈತಿ ಅಂತ ಒಂದು ಮಾತು ಹಾಕು. ಹೆದರಿ ಎಲ್ಲರೂ ಹಂಚ್ತಾರ.”

“ಹೆದರ್ಸೋದು ಅವ್ರ ಕಸುಬು. ನಿಮ್ಮವ್ವ ಅಲ್ಲಿ ಅದಾಳ ಅನ್ನೋದು ಸಾಲದೇನು?”

ಅಕ್ಷರ ಜೋಡಿಸಿ ಮುಗಿದಿತ್ತು, ಅಡಿಯಲ್ಲಿ ಜಾಗ ಖಾಲಿ ಇತ್ತು. ದಾಕ್ಷಾಯಣಿ ಬರೆದವರು ಎಂಬುದರ ಮುಂದೆ ತಮ್ಮ ಹೆಸರು ಒತ್ತಿದರು.

“ನಿನ್ನೋರು ಯಾರದಾರಮ್ಮ ಅಲ್ಲಿ?” ಎಂದಳು ಆ ಹೆಂಗಸು.

“ನಾವೂ ಮಣ್ಣು ಮಾಡೋರ. ನಮ್ಮ ಮಾವನ್ನ ಕುಂದ್ರಿಸಿ ಮಾಡೀವಿ, ನಿಮ್ಮವ್ವನ್ನ ಮಲಗ್ಸಿ ಮಾಡೀರಿ. ಮುಚ್ಚಿದ ಮಣ್ಣು ಒಂದ.”

ಒಳಗಿನಿಂದ ವೀರೇಶ್ ಪ್ರೂಫ್ ಹಿಡಿದು ಬಂದರು. “ತಪ್ಪು ಬಿದ್ದೈತಿ. ನಿನ್ನ ಹೆಸರು ಕುಂತೈತಿ ನೋಡು.”

“ತಪ್ಪಿಲ್ಲ. ಓಡಸ್ರಿ.”

ವೀರೇಶ್ ಓಡಿಸಿದರು. ಕರಪತ್ರ ಕರೂರು ಬಸ್ಸಿನಲ್ಲಿ ಕೈಯಿಂದ ಕೈಗೆ ಹೋಯಿತು. ಸಿರುಗುಪ್ಪದ ಚಹಾ ಹೋಟೆಲುಗಳಲ್ಲಿ ಒಬ್ಬರು ಓದಿದರೆ ಹತ್ತು ಜನ ಲೋಟ ಕೆಳಗಿಟ್ಟು ಕೇಳಿದರು.

ಸಮ್ರಾಟ್ ವಕೀಲನೊಬ್ಬನನ್ನು ಕರೆದುಕೊಂಡು ಮತ್ತೆ ಬಂದ. “ಯಾರು ಬರೆಸಿದ್ರು?”

“ಕೆಳಗ ಐತಲ್ಲ.”

“ನೀವು ನಮ್ಮೂರಿಗೆ ಕಾಲಿಟ್ಟಿಲ್ಲ. ನಿಮ್ಮವ್ವ ಕುರುಗೋಡಿನಾಗ ಗಟ್ಟಿಮುಟ್ಟ ಅದಾಳ, ವಿಚಾರಿಸೀನಿ. ಯಾವಾಕಿ ಅಂತ ಹೇಳ್ರಿ, ನಿಮ್ಮನ್ನ ಬಿಡ್ತೀವಿ.”

“ಸುಳ್ಳು ಬರೆದೀನಿ ಅಂತ ಕೇಸ್ ಹಾಕ್ರಿ. ಅದಕ್ಕ ನಿಮ್ಮ ಹೆಸರು ಬರೀಬೇಕು ಮತ್ತ. ಸಮಸ್ತ ಸದ್ಭಕ್ತರು ಅಂದ್ರ ಕೋರ್ಟು ಕೇಳಂಗಿಲ್ಲ.”

ವಕೀಲ ನಕ್ಕುಬಿಟ್ಟನಂತೆ. ಸಮ್ರಾಟ್ ನಗಲಿಲ್ಲ. ಅವನ ಕಡೆಯವರ ಒತ್ತಡಕ್ಕೆ ಆ ಸೀಸನ್ನಿನ ಲಗ್ನಪತ್ರಿಕೆಗಳು ಒಂದೊಂದಾಗಿ ಬೇರೆ ಪ್ರೆಸ್ಸು ಸೇರಿದವು. ವೀರೇಶ್‌ರ ಸ್ವಂತ ಅಕ್ಕನ ಮಗಳ ಮದುವೆಯದೂ. ದಾಕ್ಷಾಯಣಿ ಆ ಮದುವೆಗೆ ಹೋಗಿ ಉಂಡು, ಪತ್ರಿಕೆಯಲ್ಲಿ ಬಣ್ಣ ಹರಡಿದೆ ಎಂದು ಹೇಳಿ ಬಂದರು.

“ನೀವು ಬರೆಯದ್ದಕ್ಕೆ ನಿಮ್ಮ ಹೆಸರು ಹಾಕಿದ್ದೂ ಸುಳ್ಳೇ ಅಲ್ಲವೇ?” ಎಂದು ನಾನು ಕೇಳಿದೆ.

“ಬರೆದೋರು ಅಂದ್ರ ಏಟು ತಿನ್ನೋರ್ರಿ” ಎಂದರು.

ಅಮೆರಿಕ ಇನ್ನೂ ಬ್ರಿಟಿಷರ ಕೈಯಲ್ಲಿದ್ದ ಕಾಲದ ಕಥೆಯನ್ನು ಆಗ ಹೇಳಿದೆ. ಅಲ್ಲಿಯೂ ಪಾದ್ರಿಗಳು, ಬಂಡುಕೋರರು ಕರಪತ್ರ ಬರೆದು ಬರೆದು ದೇಶವನ್ನೇ ಅಲ್ಲಾಡಿಸಿದರು. ಬಹಳಷ್ಟು ಜನ ಹೆಸರು ಮುಚ್ಚಿಟ್ಟು ಬರೆದವರೇ. ಗವರ್ನರನ ಆಳುಗಳು ಬಂದು ನಿಲ್ಲುತ್ತಿದ್ದದ್ದು ಅಚ್ಚು ಹಾಕಿದವನ ಬಾಗಿಲಿಗೆ. ನ್ಯೂಯಾರ್ಕಿನ ಒಬ್ಬ ಮುದ್ರಕ, ಬರೆದವರ ಹೆಸರು ಬಾಯಿಬಿಡದೆ ತಿಂಗಳುಗಟ್ಟಲೆ ಜೈಲಿನಲ್ಲಿ ಕುಳಿತಿದ್ದ.

“ಅವಾಗ ಮಷಿನ್ ಯಾರು ನಡೆಸಿದ್ರು?” ಎಂದರು ದಾಕ್ಷಾಯಣಿ.

“ಹೆಂಡತಿ.”

ಆಕೆ ಒಳಗೆ ಕೂಗಿದರು. “ಕೇಳಿದ್ರೇನ್ರೀ, ಒಬ್ಬರು ಜೈಲಿಗೆ ಹೋದ್ರ ಇನ್ನೊಬ್ಬರು ನಡಸ್ತಾರಂತ.”

“ಹೋಗಿ ಬಾ, ನಾನು ಇಲ್ಲೇ ಅದೀನಿ” ಎಂದರು ವೀರೇಶ್.

ಆ ಹಳ್ಳಿಯಲ್ಲಿ ಜಡೆಮ್ಮ ಎಂಬ ಹಣ್ಣು ಮುದುಕಿ ತೀರಿಕೊಂಡಾಗ ಹೆಣ ಬೇಲಿಯ ಹೊರಗೆ ನಿಂತಿತು. ಸುದ್ದಿ ಕೇಳಿ ದಾಕ್ಷಾಯಣಿ ಬಸ್ಸು ಹತ್ತಿದರು. ನಾನೂ ಹೋದೆ. ಸಮ್ರಾಟ್ ನಾಲ್ಕು ಜನರೊಂದಿಗೆ ಅಡ್ಡ ನಿಂತಿದ್ದ. ಕಲ್ಲಿನ ಕಂಬ ನೆಟ್ಟು ತಂತಿ ಎಳೆದ ಕೂಲಿಯಾಳು ಎರ್ರಣ್ಣ, ಜಡೆಮ್ಮನ ಓಣಿಯವನೇ, ಇಕ್ಕಳ ಹಿಡಿದು ಮುಂದೆ ಬಂದ.

“ಯಾಕಲೇ ಎರ್ರಣ್ಣ?” ಎಂದ ಸಮ್ರಾಟ್.

“ಧಣಿ, ಕಟ್ಟಿದಾವ ನಾನು, ಬಿಚ್ಚಾಕ ನನಗ ಬರ್ತೈತಿ” ಎಂದು ಎರ್ರಣ್ಣ ತಂತಿ ಬಿಚ್ಚಿ ಸುತ್ತತೊಡಗಿದ. ಹಿಂದೆ ಇಡೀ ಓಣಿ ನಿಂತಿತ್ತು. ಅಡ್ಡ ನಿಂತಿದ್ದ ನಾಲ್ವರು ಸರಿದರು. ಸಮ್ರಾಟ್ ಫೋನು ತೆಗೆದು ಹೆಂಗಸರ ಮುಖಗಳನ್ನು ಹಿಡಿಯತೊಡಗಿದ. ಆ ಕರಪತ್ರ ಬರೆಸಿದವಳು ಈ ಗುಂಪಿನಲ್ಲೇ ಇದ್ದಾಳೆ, ಇವತ್ತು ದಾಕ್ಷಾಯಣಿಯನ್ನು ಕಂಡು ಮಾತಾಡಿಸಿಯೇ ಮಾತಾಡಿಸುತ್ತಾಳೆ ಎಂಬುದು ಅವನ ಲೆಕ್ಕ.

ಜಡೆಮ್ಮನನ್ನು ಕುಣಿಗೆ ಇಳಿಸಿದರು. ಹೆಂಗಸರು ಸಾಲಾಗಿ ಬಂದು ಹಿಡಿ ಮಣ್ಣು ಹಾಕಿದರು. ದಾಕ್ಷಾಯಣಿಯೂ ಆ ಸಾಲಿನಲ್ಲಿದ್ದರು. ಮುಂದಿನವಳು ಬಗ್ಗಿ ಎದ್ದಳು, ಆಮೇಲೆ ಇವರು, ಆಮೇಲೆ ಹಿಂದಿನವಳು. ಒಬ್ಬಳೂ ಇವರ ಕಡೆ ತಿರುಗಲಿಲ್ಲ. ಇವರೂ ಯಾರ ಮುಖವನ್ನೂ ಹುಡುಕಲಿಲ್ಲ. ಕಲಿತದ್ದೆಲ್ಲವನ್ನೂ ಓದಿಯೇ ಕಲಿತವನು ನಾನು. ಆ ಸಾಲಿನಲ್ಲಿ ಒಬ್ಬಳನ್ನೂ ಓದಲಾಗಲಿಲ್ಲ. ಸಮ್ರಾಟನ ಫೋನು ಮೊದಲಿಂದ ಕೊನೆಯವರೆಗೆ ಹೋಗಿ, ಮತ್ತೆ ಮೊದಲಿಗೆ ಬಂತು. ಕುಣಿ ತುಂಬಿತು. ಹೆಂಗಸರು ಕಾಲುವೆಯಲ್ಲಿ ಕೈಕಾಲು ತೊಳೆದುಕೊಂಡು, ಸಮ್ರಾಟನ ಮಾವನ ಗದ್ದೆಗೆ ಮಧ್ಯಾಹ್ನದ ನಾಟಿಗೆ ಹೊರಟರು. ಕರಪತ್ರ ಬರೆಸಿದ ಅವಳೂ ಅವರೊಳಗೆ ಒಬ್ಬಳಾಗಿ ಹೊರಟಳು.