ಅರ್ನೆಟಾ ಕೊಂಡ ಪಕ್ಕದ ಮನೆ

ಅಮೆರಿಕದ ಟೊಲೀಡೊದಲ್ಲಿ ಸಿಟಿ ಬಸ್ಸು ಓಡಿಸಿ ನಿವೃತ್ತಳಾದ ನನ್ನ ಎದುರು ಮನೆಯ ಅರ್ನೆಟಾ, ತೆರಿಗೆ ಬಾಕಿಗಾಗಿ ಹರಾಜಾದ ತನ್ನ ಪಕ್ಕದ ಮನೆಯನ್ನು ಹಳೆ ಕಾರಿನ ಬೆಲೆಗೆ ಕೊಂಡಳು. ಬಾಡಿಗೆಗೆ ಕೊಡುವ ಯೋಚನೆ ಅವಳದು.

ಅವಳ ಗಂಡನ ತಮ್ಮ ರೂಫಸ್ ಕೊಳಾಯಿ ಕೆಲಸದವನು. ಮನೆ ಸುತ್ತಿ ಬಂದು ಜಗಲಿಯಲ್ಲಿ ಕೂತು ನಕ್ಕ.

"ಅತ್ತಿಗೆ, ಅಗ್ಗ ಆಗಿರೋದು ಬೆಲೆ, ಮನೆಯಲ್ಲ. ಛಾವಣಿ, ಹೀಟರ್, ತೆರಿಗೆ ಅಂತ ಬಾಡಿಗೆಯೆಲ್ಲ ಅದರ ಹೊಟ್ಟೆಗೇ ಹೋಗುತ್ತೆ. ಮನೆ ಕೊಳ್ಳೋ ಕಂಪನಿಯವನು ಎರಡರಷ್ಟು ಕೊಡ್ತೀನಿ ಅಂತಿದಾನೆ. ಮಾರಿ ಕೈ ತೊಳ್ಕೊಂಬಿಡಿ."

"ಅವನು ಬೀಗ ಹಾಕಿ ಮರೀತಾನೆ. ಆ ಹಾಳುಮನೆ ಪಕ್ಕ ಮಲಗೋಳು ನಾನು. ಅದನ್ನ ಯಾವ ಲೆಕ್ಕಕ್ಕೆ ಬರೀತೀಯೋ, ಮಹಾ ಬುದ್ಧಿವಂತ?"

ಚಳಿಗಾಲದಲ್ಲಿ ಇಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಖಾಲಿ ಮನೆ ವಸಂತದವರೆಗೆ ಉಳಿಯುವುದೂ ಕಷ್ಟ. ಕಳ್ಳರು ನೆಲಮಾಳಿಗೆಗೆ ಇಳಿದು ನೀರಿನ ತಾಮ್ರದ ಪೈಪು ಕತ್ತರಿಸಿ ಒಯ್ಯುತ್ತಾರೆ. ಆಮೇಲೆ ಅದು ಬುಲ್ಡೋಜರಿನ ಪಾಲು. ಆದ್ದರಿಂದ ಖಾಲಿ ಮನೆಗೆ ಜನರಿರುವ ವೇಷ ಹಾಕುವುದು ನಮ್ಮ ಬೀದಿಯ ರೂಢಿ. ಅರ್ನೆಟಾ ಅಲ್ಲಿ ಪರದೆ ಕಟ್ಟಿದಳು, ದೀಪ, ಹೀಟರ್ ಹಚ್ಚಿದಳು, ತನ್ನ ಕಾರನ್ನೂ ಅದರ ಮುಂದೆಯೇ ನಿಲ್ಲಿಸಿದಳು. ಹಿಮ ಬಿದ್ದಾಗ ಮೊದಲು ಅದರ ದಾರಿಯ ಹಿಮ ಬಳಿದು ತೆಗೆದಳು. ಅಷ್ಟಕ್ಕೇ ಸೊಂಟ ಹಿಡಿದು, ತನ್ನ ಬಾಗಿಲ ಹಿಮವನ್ನು ಹಾಗೇ ಬಿಟ್ಟು ಹಿತ್ತಿಲಿಂದ ಓಡಾಡಿದಳು.

ಒಂದು ಭಾನುವಾರ ಅವಳೂ ನಾನೂ ನನ್ನ ಕಾರಿನಲ್ಲಿ ಚರ್ಚಿಗೆ ಹೋಗಿ ಬಂದೆವು. ಅಷ್ಟರಲ್ಲಿ ಕಳ್ಳರು ಬಂದು ಹೋಗಿದ್ದರು, ಅವಳ ಸ್ವಂತ ಮನೆಗೆ. ಪೈಪು ಕತ್ತರಿಸಿದ ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನೀರು.

ರೂಫಸ್ ಓಡಿ ಬಂದು ನೀರು ನಿಲ್ಲಿಸಿದ. "ಒಳ್ಳೆ ಕಾವಲು ಕಾದ್ರಿ, ಅತ್ತಿಗೆ! ಈಗಲಾದ್ರೂ ಮಾರ್ತೀರಾ?"

ಅರ್ನೆಟಾ ಒದ್ದೆ ಬೂಟು ಕಳಚಿ ಎಸೆದಳು. "ಯಾಕೆ ಮಾರ್ಲಿ? ಆ ಮನೇಲಿ ಸಂಸಾರ ಇದೆ ಅಂತ ಕಳ್ಳರೇ ಒಪ್ಪಿದಾರೆ. ಮಾತು ಸಾಕು, ಮಂಚದ ಆ ತುದಿ ಹಿಡಿ."

ಅಂದೇ ಅವಳು ಅಗ್ಗದ ಮನೆಗೆ ಹೋದಳು. ರೂಫಸ್ ಗೊಣಗುತ್ತಲೇ ಹಳೆಯ ಮನೆಗೆ ಪ್ಲಾಸ್ಟಿಕ್ ಪೈಪು ಹಾಕಿದ. ವಸಂತದಲ್ಲಿ ಅಲ್ಲಿಗೆ ಒಬ್ಬ ನರ್ಸು ಮಕ್ಕಳೊಂದಿಗೆ ಬಾಡಿಗೆಗೆ ಬಂದಳು. ಅಗ್ಗದ ಮನೆ ಇಂದಿಗೂ ಒಂದು ಡಾಲರ್ ಬಾಡಿಗೆ ತಂದಿಲ್ಲ. ರೂಫಸ್ ಅದನ್ನು ಪ್ರತಿ ಊಟದಲ್ಲೂ ನೆನಪಿಸುತ್ತಾನೆ.

ಕಂಪನಿಯವನು ಮತ್ತೆ ಬಂದ. ಎರಡೂ ಜಗಲಿಗಳಲ್ಲಿ ಜನವಾಸ ಕಂಡು ತಬ್ಬಿಬ್ಬಾದ.

"ಮೇಡಂ, ಮಾರೋಕಿರೋ ಖಾಲಿ ಮನೆ ಯಾವುದು?"

"ಈ ಬೀದೀಲಿ ಅಂಥದ್ದಿಲ್ಲ," ಎಂದಳು ಅರ್ನೆಟಾ. "ಆ ಮನೆ ಮುಂದಿಂದ ನಿನ್ನ ಕಾರು ತೆಗಿ. ನರ್ಸಮ್ಮ ಡ್ಯೂಟಿ ಮುಗಿಸಿ ಬರೋ ಹೊತ್ತು."