ಸೋಮವಾರದ ಏರು

ಧರ್ಮಣ್ಣ ಜೇವರ್ಗಿಯ ಬಸ್‌ಸ್ಟ್ಯಾಂಡಿನ ಹಿಂದೆ ಸೈಕಲ್ ರಿಪೇರಿ ಮಾಡುತ್ತಿದ್ದ. ಕೈ ಚೊಕ್ಕ, ಬಾಯಿ ಮಾತ್ರ ಜಂಬದ್ದು. ಅವನ ಹೆಂಡತಿ ಕಸ್ತೂರಿಬಾಯಿ ಆ ಅಂಗಡಿಗೆ ಮೊದಲು ಬಂದದ್ದು ಗಿರಾಕಿಯಾಗಿ. ಚಿಕ್ಕಂದಿನಲ್ಲೇ ಪೋಲಿಯೋ ಬಡಿದು ಎರಡೂ ಕಾಲು ಸೋತಿದ್ದವು. ನೆಲದ ಮೇಲೆ ತೆವಳಿಕೊಂಡು ಬಂದು, ಅಂಗೈಗೂ ಮೊಣಕಾಲಿಗೂ ಕಟ್ಟಿಕೊಳ್ಳಲು ಹಳೇ ಟೈರಿನ ತುಂಡು ಕೇಳಿದ್ದಳು. ಧರ್ಮಣ್ಣ ನಾಲ್ಕು ತುಂಡು ಕತ್ತರಿಸಿ, ಪಟ್ಟಿ ಹಚ್ಚಿ ಕೊಟ್ಟ. ಅವು ಸವೆಯುವ ಮೊದಲೇ ಅವಳನ್ನು ಮದುವೆಯಾಗಿಬಿಟ್ಟ. ಮಂದಿ ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ಅವರಿಗೆ ಬೇರೇನು ಕೆಲಸ!

ಮದುವೆಯಾದ ವರ್ಷವೇ ಕೈಯಿಂದ ತಿರುವಿ ಓಡಿಸುವ ಮೂರು ಗಾಲಿಯ ಸೈಕಲ್ ಮಾಡಿಕೊಟ್ಟ. ಟೈರಿನ ತುಂಡುಗಳನ್ನು ತಿಪ್ಪೆಗೆ ಎಸೆದು, "ಇನ್ನ ನೀ ನೆಲಾ ಮುಟ್ಟಬಾರ್ದು ನೋಡು" ಎಂದ. ಆ ಸೈಕಲ್ಲಿನ ಮೇಲೆಯೇ ಕಸ್ತೂರಿಬಾಯಿ ಜೇವರ್ಗಿಯ ಹೊಲಿಗೆ ಕೇಂದ್ರಕ್ಕೆ ಹೋಗಿ ಕಲಿತಳು, ಆಮೇಲೆ ಅಲ್ಲೇ ಕಲಿಸುವವಳಾದಳು. ಅವಳು ಒಳಗೆ ಬಂದರೆ ಹುಡುಗಿಯರು "ಬಾಯಾರು ಬಂದ್ರು" ಎಂದು ಎದ್ದು ನಿಲ್ಲುತ್ತಿದ್ದರು. ಚಿಕ್ಕಂದಿನಿಂದ ಎಲ್ಲರನ್ನೂ ಕೆಳಗಿನಿಂದಲೇ ನೋಡಿದವಳಿಗೆ ಆ ಎದ್ದು ನಿಲ್ಲುವುದೇ ಪಗಾರಕ್ಕಿಂತ ದೊಡ್ಡದಾಗಿತ್ತು.

ಆದರೆ ಅವರ ಮನೆಯಿದ್ದ ಹಳ್ಳಿಗೂ ಜೇವರ್ಗಿಗೂ ನಡುವೆ ಒಂದು ಹಳ್ಳ, ಹಳ್ಳ ದಾಟಿದರೆ ಕಡಿದಾದ ಏರು. ವರ್ಷಗಟ್ಟಲೆ ಧರ್ಮಣ್ಣನೇ ಹಿಂದೆ ನಿಂತು ನೂಕುತ್ತಿದ್ದ. ತೊಂಬತ್ತೆರಡನೇ ಇಸವಿಯಲ್ಲಿ ಅವನಿಗೆ ಹರ್ನಿಯಾ ಆಪರೇಷನ್ ಆಯಿತು, ಭಾರ ಮುಟ್ಟಬೇಡ ಎಂದರು ಡಾಕ್ಟರು. ಆಗ ಪಕ್ಕದ ಮನೆಯ ಮುದುಕ ಕಲ್ಯಾಣಪ್ಪ ತನ್ನ ಎತ್ತಿನ ಗಾಡಿಯ ಹಿಂದೆ ಹಗ್ಗ ಕಟ್ಟಿ ಸೈಕಲ್ಲನ್ನು ಏರು ಹತ್ತಿಸತೊಡಗಿದ, ಸೋಮವಾರ ಒಂದು ಬಿಟ್ಟು. ಸೋಮವಾರ ಬಸವಣ್ಣನ ವಾರ, ಆ ದಿನ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಧರ್ಮಣ್ಣನೂ ಅದೇ ನೇಮದ ಮನೆತನದಲ್ಲಿ ಬೆಳೆದವನು, ಕೇಳಲು ಬಾಯಿ ಬರಲಿಲ್ಲ. ಹೀಗಾಗಿ ಸೋಮವಾರಗಳು ತಪ್ಪತೊಡಗಿದವು. ಕೇಂದ್ರಕ್ಕೆ ಹೊಸದಾಗಿ ಬಂದ ಸಾಹೇಬರು ತಪಾಸಣೆಗೆ ಬರುತ್ತಿದ್ದುದೂ ಸೋಮವಾರವೇ. "ಮುಂದಿನ ವಾರ ತಪ್ಪಿದ್ರ ಬ್ಯಾರೇದವರನ್ನ ತಗೋತೇವ್ರಿ" ಎಂದುಬಿಟ್ಟರು.

ಧರ್ಮಣ್ಣ ಅವತ್ತೇ ಕಲಬುರ್ಗಿಯ ಗುಜರಿಗೆ ಹೋಗಿ, ಯಾವುದೋ ಹಳೇ ಮಷೀನಿನಿಂದ ಬಿಚ್ಚಿದ ಬ್ಯಾಟರಿ ಮೋಟಾರನ್ನು ಹೊತ್ತುಕೊಂಡು ಬಂದ. ಕೂಡಿಸಲು ಎರಡು ದಾರಿ ಇದ್ದವು. ಗಾಲಿಯ ನಡುವಿನ ಹಬ್ಬಿಗೇ ನೇರವಾಗಿ ಕೂಡಿಸಿದರೆ ಜೋರಾಗಿ ಓಡುತ್ತದೆ, ಆದರೆ ಎಳೆಯುವ ಕಸುವಿಲ್ಲ. ಮೋಟಾರಿಗೆ ಸಣ್ಣ ಹಲ್ಲುಚಕ್ರ, ಗಾಲಿಗೆ ದೊಡ್ಡ ಹಲ್ಲುಚಕ್ರ ಹಾಕಿ ಚೈನು ಬಿಗಿದರೆ ಆಮೆಯ ನಡಿಗೆ, ಆದರೆ ಎಂಥ ಏರನ್ನೂ ಹತ್ತುತ್ತದೆ. ಇದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಮೊದಲು ಹಬ್ಬಿಗೇ ಕೂಡಿಸಿ, ಗಾಲಿ ಎತ್ತಿ ನಿಲ್ಲಿಸಿ ಸ್ವಿಚ್ ಒತ್ತಿದ. ಗಾಲಿ ಗಾಳಿಯಲ್ಲಿ ಗಿರ್ರನೆ ತಿರುಗಿತು. ನೆರೆದವರು ಚಪ್ಪಾಳೆ ತಟ್ಟಿದರು. ಕಸ್ತೂರಿಬಾಯಿಯನ್ನು ಕೂಡಿಸಿ ಊರ ಮುಂದಿನ ಬಯಲಲ್ಲಿ ಬಿಟ್ಟರೆ, ಸೆರಗು ಹಾರಾಡುತ್ತ, ಸೈಕಲ್ಲಿನವರನ್ನೆಲ್ಲ ಹಿಂದೆ ಹಾಕಿ ಹೋದಳು. ಅವಳು ಬಾಯಿತುಂಬ ನಕ್ಕದ್ದನ್ನು ಧರ್ಮಣ್ಣ ಅದೇ ಮೊದಲು ಕಂಡ. ಅಷ್ಟೇ ಸಾಕಾಯಿತು ಅವನಿಗೆ, ಚೈನಿನ ಮಾತೇ ಮರೆತ.

"ಏರು ಹತ್ತತೈತೇನ್ರಿ ಇದು?" ಎಂದು ಕೇಳಿದವಳು ಅವಳೇ.

"ಹಾರಿಕೊಂಡು ಹತ್ತತೈತಿ, ನೀ ಸುಮ್ನ ಕುಂಡ್ರು" ಎಂದ.

ಭಾನುವಾರ ತಾನೇ ಕೂತು ಪರೀಕ್ಷೆಯನ್ನೂ ಮಾಡಿದ ಅನ್ನಿ. ಹಳ್ಳದ ಈಚೆಯ ಇಳಿಜಾರಿನಿಂದ ಓಟ ತೆಗೆದುಕೊಂಡು ಬಂದ ಸೈಕಲ್ಲು ಅದೇ ಭರದಲ್ಲಿ ಏರು ಹತ್ತಿಬಿಟ್ಟಿತು. ಹತ್ತಿಸಿದ್ದು ಓಟವೋ ಮೋಟಾರೋ ಎಂದು ಅವನು ಯೋಚಿಸಲೇ ಇಲ್ಲ.

ಸೋಮವಾರ ಬೆಳಿಗ್ಗೆ ಕಸ್ತೂರಿಬಾಯಿ ಇಳಿಜಾರಿನಲ್ಲಿ ಸುಂಯ್ ಎಂದು ಇಳಿದಳು. ಧರ್ಮಣ್ಣ ಹಿಂದೆ ಬಿರಬಿರನೆ ನಡೆದ. ಹಳ್ಳದಲ್ಲಿ, ದಾರಿಗೆ ಅಡ್ಡವಾಗಿ, ಕಲ್ಯಾಣಪ್ಪನ ಎರಡೂ ಎತ್ತು ನಿಂತಿದ್ದವು. ನೊಗವಿಲ್ಲದ ದಿನವಲ್ಲವೇ, ಮುದುಕ ಅವುಗಳ ಮೈ ತೊಳೆಯುತ್ತಿದ್ದ. ಅವಳು ಬ್ರೇಕ್ ಹಿಡಿದು ನಿಲ್ಲಲೇಬೇಕಾಯಿತು. ಮುದುಕ ಎತ್ತುಗಳನ್ನು ಸರಿಸಿದ. ಆದರೆ ಓಟ ಸತ್ತುಹೋಗಿತ್ತು. ಮೋಟಾರು ಏರಿನ ಬುಡದಲ್ಲಿ ನರಳಿತು, ನಾಲ್ಕು ಮಾರು ಹತ್ತಿ ನಿಂತಿತು, ಹೊಗೆ ಬಂತು, ಸುಟ್ಟ ವಾಸನೆ ಬಂತು.

ಅಷ್ಟರಲ್ಲಿ ಬಂದ ಧರ್ಮಣ್ಣನೂ ಮುದುಕನೂ ಸೇರಿ ನೂಕಿದರು. ಬ್ಯಾಟರಿಯ ಭಾರ, ಮೋಟಾರಿನ ಭಾರ, ಅವಳ ಭಾರ. ಸೈಕಲ್ಲು ಹಿಂದಕ್ಕೇ ಜಾರಿತು. ಧರ್ಮಣ್ಣ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ. ಆಪರೇಷನ್ನಿನ ಹೊಲಿಗೆಯ ನೋವಿಗಿಂತ ನಾಚಿಕೆಯ ನೋವೇ ಹೆಚ್ಚಾಗಿತ್ತು ಅವನಿಗೆ. ಕಲ್ಯಾಣಪ್ಪ ಎತ್ತುಗಳನ್ನು ನೋಡಿದ, ಏರನ್ನು ನೋಡಿದ, ತಲೆ ತಗ್ಗಿಸಿದ.

"ಯಪ್ಪಾ, ಅವನ್ನ ಹೂಡಬ್ಯಾಡ್ರಿ, ನಿಮ್ಮ ನೇಮ ನಿಮಗಿರ್ಲಿ" ಎಂದಳು ಕಸ್ತೂರಿಬಾಯಿ ಮುದುಕನಿಗೆ. ಆಮೇಲೆ ಗಂಡನ ಕಡೆ ತಿರುಗಿದಳು. "ಬ್ಯಾಟರಿ ಬಿಚ್ಚಿ ಇಲ್ಲೇ ಇಡ್ರಿ. ನಾನೂ ಇಳೀತೇನಿ. ಖಾಲಿ ಸೈಕಲ್ ನೂಕಾಕ ಕಲ್ಯಾಣಪ್ಪನವರು ಒಬ್ಬರೇ ಸಾಕು."

"ನೀ ಹೆಂಗ ಹತ್ತತಿ?"

ಅವಳು ಕೂರುವ ಹಲಗೆ ಎತ್ತಿ, ಹೊಲಿಗೆ ಡಬ್ಬಿಯ ಕೆಳಗಿನಿಂದ ಟೈರಿನ ನಾಲ್ಕು ತುಂಡು ತೆಗೆದಳು. ಅವನು ತಿಪ್ಪೆಗೆ ಎಸೆದ ಅವೇ ತುಂಡುಗಳು. ಪಟ್ಟಿಗಳು ಮಾತ್ರ ಹೊಸವು, ಅವಳೇ ಹೊಲಿದಿದ್ದಳು.

"ಅವತ್ತ ಆರಿಸಿಕೊಂಡು ಬಂದಿದ್ದೆ. ಸಿಟ್ಟಿಗೇಳಬ್ಯಾಡ್ರಿ" ಎಂದಳು.

ಇಸ್ತ್ರಿ ಮಾಡಿದ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿಕೊಂಡು, ಕಲ್ಲು ಮುಳ್ಳಿನ ಆ ಏರನ್ನು ಅವಳು ಕೈಯೂರಿ ಹತ್ತಿದಳು. ಜೇವರ್ಗಿಗೆ ಹೊರಟ ಹೆಂಗಸರು ದಾರಿಬದಿಗೆ ಸರಿದು ನಿಂತರು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಧರ್ಮಣ್ಣ ಮಾತ್ರ ನೋಡುತ್ತ ಹಿಂದೆ ನಡೆದ, ನೋಡದೆ ಇರುವ ಹಕ್ಕು ತನಗಿಲ್ಲ ಎನ್ನಿಸಿತ್ತು ಅವನಿಗೆ.

ಸಾಹೇಬರು ಬಂದಾಗ ಅವಳು ಕೇಂದ್ರದಲ್ಲಿ ಮಷೀನಿನ ಮುಂದೆ ಕೂತಿದ್ದಳು. ಕೆಲಸ ಉಳಿಯಿತು.

ಆ ವಾರವೇ ಧರ್ಮಣ್ಣ ಇನ್ನೊಂದು ಮೋಟಾರು ತಂದ. ಈ ಸಲ ಗಾಲಿಗೆ ಸಿಗುವಷ್ಟು ದೊಡ್ಡ ಹಲ್ಲುಚಕ್ರ ಹಾಕಿ ಚೈನು ಬಿಗಿದ. ಅವಳಷ್ಟೇ ತೂಕದ ಜೋಳದ ಚೀಲ ಇಟ್ಟು, ಏರಿನ ನಟ್ಟನಡುವೆ ನಿಲ್ಲಿಸಿ, ಅಲ್ಲಿಂದ ಸ್ವಿಚ್ ಒತ್ತಿದ. ನಡೆಯುವವರಿಗಿಂತ ನಿಧಾನ, ಆದರೆ ಹತ್ತಿತು. ಆಮೇಲೆ ಬಯಲಲ್ಲಿ ಅವಳ ಸೆರಗು ಎಂದೂ ಹಾರಲಿಲ್ಲ, ಆ ನಗುವೂ ಮತ್ತೆ ಕಾಣಲಿಲ್ಲ. ಆ ಓಟ ಮತ್ತೆ ಬೇಕೆಂದು ಅವಳು ಕೇಳಲೂ ಇಲ್ಲ.

ಪ್ರತಿ ಸೋಮವಾರ ಬೆಳಿಗ್ಗೆ ಅವನು ಬ್ಯಾಟರಿ ನೋಡುತ್ತಿದ್ದ, ಚೈನಿಗೆ ಎಣ್ಣೆ ಬಿಡುತ್ತಿದ್ದ. ಕೊನೆಗೆ, ಅವಳು ಒಳಗೆ ತಲೆ ಬಾಚಿಕೊಳ್ಳುತ್ತಿರುವಾಗ, ಹಲಗೆ ಎತ್ತಿ ಟೈರಿನ ತುಂಡುಗಳು ಇವೆಯೇ ಎಂದು ನೋಡಿ, ಪಟ್ಟಿ ಗಟ್ಟಿಯಿದೆಯೇ ಎಂದು ಎಳೆದು ನೋಡಿ, ಮತ್ತೆ ಹಲಗೆ ಮುಚ್ಚುತ್ತಿದ್ದ.