ಬರೆಯದ ಪೆನ್ಸಿಲ್

ಹೋದ ವಾರ ನಮ್ಮ ಶಾಲೆಯ ಆಫೀಸಿನ ಮೇಜಿನ ಮೇಲೆ ಮೂರು ಪೆನ್ಸಿಲ್ ಡಬ್ಬಿಗಳಿದ್ದವು. ಇಲ್ಲೇ ಚಳ್ಳಕೆರೆಯ ಅಂಗಡಿಯವರೊಬ್ಬರು ಮಾದರಿಗೆಂದು ಕಳಿಸಿದ್ದು. ಒಂದನೇ ತರಗತಿಗೆ ಸೇರುವ ಮಕ್ಕಳು ಏನೇನು ತರಬೇಕೆಂಬ ಪಟ್ಟಿ ಮಾಡಲು ಹೆಡ್ ಸರ್ ನನ್ನನ್ನು ಕರೆದಿದ್ದರು. ಎಲ್ಲಕ್ಕಿಂತ ದುಬಾರಿ ಡಬ್ಬಿಯನ್ನು ಅವರು ನನ್ನ ಕಡೆ ಸರಿಸಿ, "ಇದನ್ನೇ ಬರೆದುಬಿಡೋಣ್ವಾ ಮೇಡಂ? ಪೇರೆಂಟ್ಸೂ ಒಳ್ಳೇದೇ ಕೇಳ್ತಾರೆ" ಎಂದರು. ಡಬ್ಬಿ ಬಿಚ್ಚಿದೆ. ಹೊಸ ಮರದ, ಹೊಸ ಬಣ್ಣದ ವಾಸನೆ ಬಂತು. ಮೊಳಕಾಲ್ಮುರಿನಲ್ಲಿ ನಾನು ಮೂರನೇ ತರಗತಿಯಲ್ಲಿದ್ದಾಗ ನಮಗೆ ಕಲಿಸುತ್ತಿದ್ದ ಟೀಚರು ನೆನಪಾದರು.

ಅವರು ನಮ್ಮೂರಿನವರಲ್ಲ. ದಿನಾ ಚಳ್ಳಕೆರೆಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಬಿ.ಜಿ. ಕೆರೆ ದಾಟುವ ತನಕ ಸೀಟು ಸಿಗಲ್ಲ ಎಂದು ಗೊಣಗುತ್ತಲೇ ತರಗತಿಯೊಳಗೆ ಕಾಲಿಡುತ್ತಿದ್ದರು. ಮನೆಮನೆಯಲ್ಲೂ ರೇಷ್ಮೆ ಸೀರೆ ನೇಯುವ ಊರಿನಲ್ಲಿ ಅವರು ಉಡುತ್ತಿದ್ದುದು ಬರೀ ನೂಲಿನ ಸೀರೆ. ನಮ್ಮ ಓಣಿಯ ಹೆಂಗಸರಿಗೆ ಅದೇ ಒಂದು ಮಾತು. ತೆಲುಗು ಅವರಿಗೆ ಬರುತ್ತಿರಲಿಲ್ಲ. ಮನೆಯಲ್ಲಿ ತೆಲುಗಾಡುವ ನಮ್ಮಂಥ ಮಕ್ಕಳು ಮಾತಾಡಿಕೊಳ್ಳುವುದನ್ನು ಕೇಳಿ ಕೇಳಿ ಒಂದೊಂದೇ ಮಾತು ಕಲಿತು, ತಪ್ಪಾಗಿ ಬಳಸಿ, ನಾವು ನಕ್ಕರೆ ತಾವೂ ನಗುತ್ತಿದ್ದರು. ಆದರೆ ಅಕ್ಷರದ ವಿಷಯದಲ್ಲಿ ನಗು ಇರಲಿಲ್ಲ. ಯಾರಾದರೂ ಪೆನ್ಸಿಲ್ ಸರಿಯಿಲ್ಲ ಎಂದರೆ, "ಪೆನ್ಸಿಲ್ ಯಾವ್ದಾದ್ರೇನು, ಕೈ ನೆಟ್ಟಗಿರ್ಬೇಕು" ಎನ್ನುತ್ತಿದ್ದರು.

ನನ್ನ ಪೆನ್ಸಿಲ್ ಅಪ್ಪ ಸಂತೆಯಿಂದ ತಂದದ್ದು. ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು, ವರ್ಷಕ್ಕಾಗುವಷ್ಟು. ಅದರ ಸೀಸದ ಕಡ್ಡಿ ಕಲ್ಲಿನ ಹಾಗಿತ್ತು. ಒತ್ತಿ ಬರೆದರೆ ಹಾಳೆ ಹರಿಯುತ್ತಿತ್ತು. ಹಾಳೆ ಹರಿದರೆ ಮನೆಯಲ್ಲಿ ಬೈಗುಳ. ಅದಕ್ಕೇ ತೇಲಿಸಿ ಬರೆಯುವುದನ್ನು ರೂಢಿ ಮಾಡಿಕೊಂಡಿದ್ದೆ. ನನ್ನ ಪುಸ್ತಕ ತೆರೆದರೆ ಖಾಲಿ ಪುಟದಂತೆಯೇ ಕಾಣುತ್ತಿತ್ತು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಅಕ್ಷರಗಳು ಕಾಣುತ್ತಿದ್ದವು.

ಟೀಚರು ಮೊದಮೊದಲು ಮತ್ತೆ ಬರಿ ಎಂದರು. ಬರೆದೆ. ಹತ್ತು ಸಲ ಬರಿ ಎಂದರು, ಬರೆದೆ. ಆಮೇಲೆ ಶಿಕ್ಷೆಗೆಂದು ಎಲ್ಲರೆದುರು ನಿಲ್ಲಿಸತೊಡಗಿದರು. ಕಡೆಗೆ ಅಮ್ಮನನ್ನು ಕರೆಸಿ ಪುಸ್ತಕ ತೋರಿಸಿದರು. "ನೋಡ್ರಿ, ನಿಮ್ಮ ಹುಡುಗಿಗೆ ಬರಿಯಾಕೆ ಮನ್ಸೇ ಇಲ್ಲ."

ಅಮ್ಮ ನನ್ನ ಕೈಹಿಡಿದು ಹೊರಟಳು. ದಾರಿಯಲ್ಲಿ "ಪೋನೀಲೇ" ಎಂದಳು. ನಮ್ಮ ಮನೆಮಾತು ತೆಲುಗು. ಹೋಗಲಿ ಬಿಡು ಎಂದು ಅದರ ಅರ್ಥ. ಮರುದಿನ ನನ್ನನ್ನು ಶಾಲೆಗೆ ಕಳಿಸಲಿಲ್ಲ. ಮಗ್ಗದ ಪಕ್ಕ ಅಕ್ಕನ ಜೊತೆ ರಾಟೆಗೆ ಕೂರಿಸಿದಳು. ಲಾಳಿಯೊಳಗೆ ಇಡುವ ಕಂಡಿಕೆಗಳಿಗೆ ರೇಷ್ಮೆ ಎಳೆ ಸುತ್ತುವ ಕೆಲಸ. ಅಕ್ಕ ಶಾಲೆ ಬಿಟ್ಟದ್ದೂ ಅದೇ ವಯಸ್ಸಿಗೆ. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ದುಃಖವೂ ಆಗಲಿಲ್ಲ. ಯಾರೂ ನಿಲ್ಲಿಸುವುದಿಲ್ಲ, ಯಾರೂ ಪುಸ್ತಕ ಎತ್ತಿ ತೋರಿಸುವುದಿಲ್ಲ... ಹಾಯೆನಿಸಿತ್ತು.

ಎಂಟು ದಿನ ಕಳೆದಿರಬೇಕು. ಒಂದು ಸಂಜೆ ಟೀಚರು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಅವರು ಹಿಡಿಯಬೇಕಾಗಿದ್ದ ಬಸ್ಸು ಆಗಲೇ ಹೋಗಿತ್ತು.

"ಯಾಕ್ರಿ, ಹುಡುಗಿ ಬರ್ತಿಲ್ಲ?"

"ನೀವೇ ಹೇಳಿದ್ರಲ್ಲ ಟೀಚರಮ್ಮ, ಮನ್ಸಿಲ್ಲ ಅಂತ" ಎಂದಳು ಅಮ್ಮ, ಕೈಯ ಕೆಲಸ ಬಿಡದೆ. "ಇಲ್ಲಿ ಕೆಲಸ ಐತೆ. ಇದನ್ನಾದ್ರೂ ಕಲೀಲಿ ಬಿಡ್ರಿ."

ಟೀಚರು ಒಳಗೆ ಬಂದು ನನ್ನ ಎದುರಿಗೇ ನೆಲದ ಮೇಲೆ ಕೂತರು.  ನನ್ನ ಕೈಯನ್ನೇ ನೋಡುತ್ತಿದ್ದರು. ಎಳೆ ಹರಿಯದ ಹಾಗೆ, ಬಿಗಿಯಾಗದ ಹಾಗೆ, ಸಡಿಲವೂ ಆಗದ ಹಾಗೆ ಸುತ್ತುವುದನ್ನು ಆ ಎಂಟು ದಿನದಲ್ಲೇ ಕಲಿತಿದ್ದೆ. ಎಷ್ಟೋ ಹೊತ್ತಾದ ಮೇಲೆ ನನ್ನ ಚೀಲ ತರಲು ಹೇಳಿದರು. "ನನ್ನ ಮುಂದೆ ಒಂದು ಸಾಲು ಬರಿ."

ಬರೆದೆ. ಎಂದಿನ ಹಾಗೇ, ಇದ್ದೂ ಇಲ್ಲದಂಥ ಸಾಲು. ಟೀಚರು ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಅದರ ಕೆಳಗೆ ತಾವೇ ಬರೆದರು. ಅದೂ ಹಾಗೇ ಬಂತು. ಒತ್ತಿ ಬರೆದರು. ಹಾಳೆ ಪರ್ರೆಂದು ಹರಿಯಿತು. ಕಟ್ಟಿನಿಂದ ಇನ್ನೊಂದು ಪೆನ್ಸಿಲ್ ತೆಗೆದು ನೋಡಿದರು, ಮತ್ತೊಂದು ನೋಡಿದರು.

"ಇದು ಬರಿಯೋದೇ ಇಲ್ವಲ್ಲೇ. ಇಷ್ಟು ದಿನ ನಂಗ್ಯಾಕೆ ಹೇಳ್ಲಿಲ್ಲ?"

ಹೇಳಲು ನನಗೆ ಗೊತ್ತಿದ್ದರಲ್ಲವೇ? ನನ್ನ ಕೈಗೆ ಬಂದ ಪೆನ್ಸಿಲ್ಲೆಲ್ಲ ಹಾಗೇ ಇದ್ದವು. ಕೈ ನೆಟ್ಟಗಿಲ್ಲದ್ದೇ ಕಾರಣ ಎಂದು ಟೀಚರು ಹೇಳಿದ್ದನ್ನು ನಂಬಿದ್ದೆ.

ಟೀಚರು ಅಮ್ಮನ ಕಡೆ ತಿರುಗಿದರು. ಅವರ ಮುಖ ಕೆಂಪಾಗಿತ್ತು. "ತಪ್ಪು ನಂದು. ಹುಡುಗೀದಲ್ಲ. ಅವತ್ತು ನಾನು ಪುಸ್ತಕ ನೋಡ್ದೆ, ಪೆನ್ಸಿಲ್ ನೋಡ್ಲಿಲ್ಲ. ನಾಳೆ ಕಳಿಸ್ರಿ."

ಅಮ್ಮ ತಕ್ಷಣ ಒಪ್ಪಲಿಲ್ಲ. ಮಜ್ಜಿಗೆ ತಂದುಕೊಟ್ಟಳು. ಟೀಚರು ಕುಡಿದು, ಕೂತೇ ಇದ್ದರು. ಕಡೆಗೆ ಅಮ್ಮ, "ಇನ್ನೆರಡು ದಿನದ ಕಂಡಿಕೆ ಐತೆ. ಮುಗಿಸಿ ಬರ್ತಾಳೆ" ಎಂದಳು. ಎರಡೇ ದಿನವಾ ಎಂದು ಟೀಚರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಎದ್ದರು.

ನಾನು ಹೋದ ದಿನ ಅವರು ಪಾಠ ಮಾಡಲಿಲ್ಲ. ಎಲ್ಲರ ಪೆನ್ಸಿಲ್‌ಗಳನ್ನೂ ಮೇಜಿನ ಮೇಲೆ ಇಡಿಸಿ, ಒಂದೇ ದೊಡ್ಡ ಹಾಳೆಯಲ್ಲಿ ಒಂದೊಂದರಿಂದ ಒಂದೊಂದು ಗೆರೆ ಎಳೆದರು. ನನ್ನದರ ಗೆರೆ ಕಾಣಲೇ ಇಲ್ಲ. ಸೀರೆ ವ್ಯಾಪಾರಿಯ ಮಗಳೊಬ್ಬಳು ಮಿನುಗುವ ಬಣ್ಣದ, ತುದಿಗೆ ರಬ್ಬರ್ ಇದ್ದ ಪೆನ್ಸಿಲ್ ತಂದಿದ್ದಳು. ತರಗತಿಗೆಲ್ಲ ಅದೇ ದುಬಾರಿ. ಅದರ ಗೆರೆಯೂ ಬೂದಿಯಂತೆ ಬಂತು. ಹೆರೆದರೆ ಕಡ್ಡಿ ಪಟಕ್ಕನೆ ಮುರಿಯಿತು. ಕಪ್ಪಗೆ, ನುಣ್ಣಗೆ ಬಂದದ್ದು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಸಿಗುತ್ತಿದ್ದ ಸಾದಾ ಕೆಂಪು ಪೆನ್ಸಿಲಿನ ಗೆರೆ. ಅದರ ಬೆಲೆ ನನ್ನದಕ್ಕಿಂತ ಸ್ವಲ್ಪ ಜಾಸ್ತಿ, ಅವಳದಕ್ಕಿಂತ ಎಷ್ಟೋ ಕಡಿಮೆ. "ಅಪ್ಪ ಅವ್ವಗೆ ಹೇಳ್ರಿ, ಬರೆದು ನೋಡಿ ತಗಳ್ಳಿ" ಎಂದರು ಟೀಚರು. ವ್ಯಾಪಾರಿಯ ಮಗಳು ಅವತ್ತಿಡೀ ನನ್ನ ಜೊತೆ ಮಾತು ಬಿಟ್ಟಿದ್ದಳು.

ನನಗೆ ಅಂಥ ಎರಡು ಕೆಂಪು ಪೆನ್ಸಿಲ್ ಕೊಟ್ಟರು. ಆ ವಾರವೇ ನನ್ನ ಅಕ್ಷರ ದುಂಡಗಾಯಿತು ಎಂದರೆ ಕಥೆಯಾದೀತು. ತೇಲಿಸಿ ಬರೆಯುವ ಚಾಳಿ ಹೋಗಲು ಒಂದು ವರ್ಷ ಹಿಡಿಯಿತು. ಆದರೆ ಆಮೇಲೆ ಅವರು ಯಾರನ್ನು ಬೈಯುವುದಿದ್ದರೂ ಮೊದಲು "ಪೆನ್ಸಿಲ್ ಕೊಡಿಲ್ಲಿ" ಎನ್ನುತ್ತಿದ್ದರು. ಕೆಲವರು ಅದನ್ನೇ ನೆಪ ಮಾಡಿಕೊಂಡು ಬೇಕೆಂದೇ ಮೊಂಡು ಪೆನ್ಸಿಲ್ ತರುತ್ತಿದ್ದದ್ದೂ ಉಂಟು...

ನಾನು ಐದನೇ ತರಗತಿಗೆ ಬರುವಷ್ಟರಲ್ಲಿ ಅವರಿಗೆ ತಳಕಿನ ಕಡೆಯ ಒಂದು ಹಳ್ಳಿಗೆ ವರ್ಗವಾಯಿತು. ನಾನು ಓದಿ, ಟೀಚರ್ ಆಗಿ ಚಳ್ಳಕೆರೆಗೇ ಬಂದೆ. ನಿವೃತ್ತರಾಗಿ ಅವರೂ ಇಲ್ಲೇ ಇದ್ದಾರೆಂದು ಗೊತ್ತಿತ್ತು. ಓಣಿಯೂ ಗೊತ್ತಿತ್ತು. ಈ ಭಾನುವಾರ, ಬರುವ ಭಾನುವಾರ ಎಂದು ಮುಂದೂಡುತ್ತಾ ಹೋದೆ. ಒಮ್ಮೆ ಎಣ್ಣೆ ಮಿಲ್ಲಿನ ರಸ್ತೆಯಲ್ಲಿ ಅವರು ಕೈಚೀಲ ಹಿಡಿದು ನಡೆಯುತ್ತಿದ್ದುದನ್ನು ಬಸ್ಸಿನ ಕಿಟಕಿಯಿಂದ ಕಂಡೆ. ಇಳಿಯಬಹುದಿತ್ತು. ಎರಡು ವರ್ಷದ ಹಿಂದೆ ಅವರು ತೀರಿಕೊಂಡದ್ದು, ತೀರಿಕೊಂಡು ತಿಂಗಳಾದ ಮೇಲೆ ನನಗೆ ತಿಳಿಯಿತು.

"ಏನ್ ಮೇಡಂ, ಇದೇ ಬರೀಲಾ?" ಎಂದು ಹೆಡ್ ಸರ್ ಕೇಳಿದರು.

ಮೂರು ಡಬ್ಬಿಯಿಂದಲೂ ಒಂದೊಂದು ತೆಗೆದು ಗೀಚಿ ನೋಡಿದೆ. ದುಬಾರಿಯದು ಒಳ್ಳೆಯದೇ. ಆದರೆ ನಡುವಿನ ಬೆಲೆಯದೂ ಅಷ್ಟೇ ಕಪ್ಪಗೆ ಬರೆಯಿತು. ಅಗ್ಗದ್ದು ಮಾತ್ರ ಬೇಡವೆನಿಸಿತು. ಕಂಪನಿ ಹೆಸರು ಹಾಕುವುದು ಬೇಡ, ಕಪ್ಪಗೆ ಬರೆಯುವ ಸಾದಾ ಪೆನ್ಸಿಲ್ ಎಂದಷ್ಟೇ ಹಾಕಿ, ತರಲಾಗದ ಮಕ್ಕಳಿಗೆಂದು ನಡುವಿನದರ ಒಂದೆರಡು ಡಬ್ಬಿಯನ್ನು ತರಗತಿಯಲ್ಲೇ ಇಟ್ಟಿರೋಣ ಎಂದೆ. ಸರ್ ಸ್ವಲ್ಪ ಯೋಚಿಸಿ ಹಾಗೇ ಬರೆದುಕೊಂಡರು.

"ಇದನ್ನೆಲ್ಲ ಎಲ್ಲಿ ಕಲಿತ್ರಿ ಮೇಡಂ? ಟ್ರೈನಿಂಗ್‌ನಲ್ಲಾ?"

"ಇಲ್ಲ ಸರ್. ನಮ್ಮ ಟೀಚರೊಬ್ರು ಕಲಿಸಿದ್ದು."

"ಓ. ಎಲ್ಲಿದಾರೆ ಅವರು?"

"ಇಲ್ಲೇ" ಎಂದೆ. "ಇದೇ ಊರಲ್ಲಿದ್ರು ಸರ್."